ತೊಂಬತ್ತರ ಮನೆ

ನಮ್ಮೂರಿನಲ್ಲಿ ಪಕ್ಕದ ಮನೆಗೆ ಹೋಗುವುದೂ ಒಂದೇ, ಪರದೇಶಕ್ಕೆ ಹೋಗುವುದೂ ಒಂದೇ. ಒಂದೊಂದು ಮನೆಯ ಗೋಡೆಯಲ್ಲಿ ಒಂದೊಂದು ತರಹದ ಸಾಕೆಟ್ಟು. ಮೂಲೆಮನೆಯದು ಎರಡು ಅಡ್ಡ ಸೀಳು, ಅದರ ಎದುರಿನದು ನಾಲ್ಕು ಚುಕ್ಕೆ, ಡೈರಿಯವರದು ಒಂದು ಅರ್ಧಚಂದ್ರ, ಅದರ ಕೆಳಗೊಂದು ಗುಂಡು ತೂತು. ನನ್ನ ಮನೆಯದು ಬಿಲ್ವಪತ್ರೆಯ ಎಲೆಗಳಂತೆ ಒಂದೇ ಕಡೆಯಿಂದ ಕವಲೊಡೆದ ಮೂರು ತೂತು. ಗೋಡೆಯೊಳಗೆ ಹರಿಯುವ ಕರೆಂಟಿನ ವೋಲ್ಟೇಜೂ ಮನೆಮನೆಗೆ ಬೇರೆ. ಕೆಲವರದು ನೂರ ಹತ್ತು, ಕೆಲವರದು ಇನ್ನೂರ ನಲವತ್ತು, ಜವಳಿ ಅಂಗಡಿಯವರದು ಮುನ್ನೂರರ ಹತ್ತಿರ. ಅವರ ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಾರೆ. ನನ್ನದು ತೊಂಬತ್ತು. ಊರಿನಲ್ಲಿ ಅಷ್ಟು ಕಡಿಮೆಯದು ಇನ್ನೊಂದಿಲ್ಲ.

ನಾನು ಮನೆಮನೆಗೆ ಹೋಗಿ ಹೊಲಿಯುವವಳು. ಮೋಟಾರು ಕೂಡಿಸಿದ ಪುಟ್ಟ ಮೆಷಿನ್ನು ನನ್ನದು, ನನ್ನ ಮನೆಯ ತೊಂಬತ್ತಕ್ಕೆ ಒಗ್ಗಿಕೊಂಡಿರುವಂಥದ್ದು. ಆದ್ದರಿಂದ ಮೆಷಿನ್ನಿನ ಜೊತೆಗೆ ಹೆಗಲಿಗೊಂದು ಚೀಲ, ಚೀಲದಲ್ಲಿ ನಲವತ್ತೊಂದು ಅಡಾಪ್ಟರು, ಇನ್ನೊಂದು ಕೈಯಲ್ಲಿ ವೋಲ್ಟೇಜು ಇಳಿಸುವ ಕಬ್ಬಿಣದ ಡಬ್ಬ. ಅಡಾಪ್ಟರು ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಇದು ನಮ್ಮೂರಿನ ಮೂರು ವರ್ಷದ ಮಕ್ಕಳಿಗೂ ಗೊತ್ತು, ಹೊರಗಿನಿಂದ ಬರುವವರಿಗೆ ಗೊತ್ತಿರುವುದಿಲ್ಲ. ಅವರು ವಿಮಾನ ನಿಲ್ದಾಣದಲ್ಲಿ ಕೊಂಡ, ಜಗತ್ತಿನ ಎಲ್ಲ ದೇಶಗಳಿಗೂ ಆಗುತ್ತದೆ ಎಂದು ಬರೆದಿರುವ ಬಿಳಿಯ ಡಬ್ಬಿ ಹಿಡಿದುಕೊಂಡು ಛತ್ರಕ್ಕೆ ಬಂದಿಳಿಯುತ್ತಾರೆ. ಹೇಗೋ ತಿರುಗಿಸಿ ಒತ್ತಿ ಗೋಡೆಗೆ ಸಿಕ್ಕಿಸುತ್ತಾರೆ. ಹೋದ ಮಾಘದಲ್ಲಿ ಬಂದಿದ್ದ ಒಬ್ಬ ಹೆಂಗಸು ಕೂದಲು ಒಣಗಿಸುವ ಯಂತ್ರವನ್ನು ಹಾಗೆ ಸಿಕ್ಕಿಸಿ, ಅದು ಹೊಗೆಯಾಡಿ, ಒದ್ದೆ ತಲೆಯಲ್ಲೇ ಅಂಗಳಕ್ಕೆ ಓಡಿ ಬಂದಳಂತೆ. "ಸರಿಯಾಗಿ ಹೊಂದಿತ್ತಲ್ಲ" ಎಂದು ಅಳುದನಿಯಲ್ಲಿ ಕೇಳಿದಳಂತೆ. "ಹೊಂದೋದು ಬೇರೆ, ತಡ್ಕೊಳ್ಳೋದು ಬೇರೆ ಕಣಮ್ಮ" ಎಂದು ಛತ್ರದವರು ಅವಳಿಗೊಂದು ಟವೆಲ್ಲು ಕೊಟ್ಟರಂತೆ.

ಅಡಾಪ್ಟರಿಗೆ ಎರಡು ಮುಖ. ಒಂದು ಮುಖದಲ್ಲಿ ತೂತುಗಳು, ಅದರೊಳಕ್ಕೆ ನಮ್ಮ ಮನೆಯ ಪ್ಲಗ್ಗು ಹೋಗುತ್ತದೆ. ಇನ್ನೊಂದು ಮುಖದಲ್ಲಿ ಹಿತ್ತಾಳೆಯ ಪಿನ್ನುಗಳು, ಅವು ನಾವು ಹೋಗುವ ಮನೆಯ ಗೋಡೆಗೆ. ನನ್ನ ಚೀಲದ ನಲವತ್ತೊಂದಕ್ಕೂ ಒಂದು ಮುಖದಲ್ಲಿ ಬಿಲ್ವಪತ್ರೆಯ ತೂತು, ಇನ್ನೊಂದು ಮುಖದಲ್ಲಿ ನಲವತ್ತೊಂದು ಮನೆಗಳ ನಲವತ್ತೊಂದು ತರಹದ ಪಿನ್ನು. ಕತ್ತಲೆಯಲ್ಲಿ ಬೆರಳಾಡಿಸಿದರೂ ಯಾವುದು ಯಾರ ಮನೆಯದೆಂದು ಹೇಳಬಲ್ಲೆ ಎಂಬ ಜಂಬ ನನಗಿತ್ತು.

ನಮ್ಮಲ್ಲಿ ಒಂದು ಕಟ್ಟಳೆಯಿದೆ. ವರ್ಷಕ್ಕೊಮ್ಮೆ ಕರೆಂಟು ಕಚೇರಿಯವರು ಮನೆಗೆ ಬಂದು ಒಂದೇ ಒಂದು ಪ್ರಶ್ನೆ ಕೇಳುತ್ತಾರೆ: ನಿಮ್ಮ ಮನೆಗೆ ಬರುವ ಅಡಾಪ್ಟರು ಯಾರ ಹತ್ತಿರ ಇದೆ? ಒಂದು ಹೆಸರು ಹೇಳಿದರೆ ಸಾಕು. ಆ ಹೆಸರಿನವರು ಗೊತ್ತುಮಾಡಿದ ದಿನ ತಮ್ಮ ಮನೆಯ ವಸ್ತುವೊಂದನ್ನು ತಂದು, ನಮ್ಮ ಗೋಡೆಗೆ ಸಿಕ್ಕಿಸಿ, ಅದು ತನ್ನ ಕೆಲಸ ಮಾಡುವುದನ್ನು ತೋರಿಸಬೇಕು. ಯಾರೂ ಇಲ್ಲದಿದ್ದರೆ ಆ ಮನೆಯ ತೂತುಗಳಿಗೆ ಗಾರೆ ಮೆತ್ತಿ, ಪಕ್ಕದಲ್ಲಿ ಛತ್ರದ ಸಾಕೆಟ್ಟು ಕೂರಿಸುತ್ತಾರೆ. ಛತ್ರದ್ದು ಎರಡು ಗುಂಡು ತೂತು, ಇನ್ನೂರ ಮೂವತ್ತು ವೋಲ್ಟು, ದಾರಿಹೋಕರಿಗೆಲ್ಲ ಒಂದೇ. ಕಚೇರಿಯ ಗೋಡೆಯಲ್ಲಿ ತೂಗುಹಾಕಿರುವ ಆ ಮನೆಯ ಮರದ ಅಚ್ಚನ್ನು ಇಳಿಸಿಬಿಡುತ್ತಾರೆ. ಯಾರೂ ಬಾರದ ಗೋಡೆಗೆ ಬೇರೆ ಆಕಾರ ಯಾತಕ್ಕೆ ಎಂಬುದು ಊರಿನ ತರ್ಕ. ನನಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ, ನನ್ನ ಮನೆ ಬಾಗಿಲಿಗೆ ಬರುವ ತನಕ.

ಇಷ್ಟು ವರ್ಷ ನನ್ನ ಗಂಡನ ಅಕ್ಕನ ಹೆಸರಿತ್ತು. ಗಂಡ ತೀರಿಕೊಂಡ ಮೇಲೂ ಅವರು ತಪ್ಪದೆ ವರ್ಷಕ್ಕೊಮ್ಮೆ ಒಂದು ಟೇಬಲ್ ಲ್ಯಾಂಪು ಹಿಡಿದು ಬಂದು, ಸಿಕ್ಕಿಸಿ, ಉರಿಸಿ, ಆರಿಸಿ ಹೋಗುತ್ತಿದ್ದರು. ಕಾಫಿ ಕುಡಿಯುತ್ತಿರಲಿಲ್ಲ, ಕೂತುಕೊಳ್ಳುತ್ತಲೂ ಇರಲಿಲ್ಲ. ಕಳೆದ ಚೈತ್ರದಲ್ಲಿ ಅವರೂ ಹೋದರು. ಅವರ ಸೊಸೆ ಹಳೆಯ ಸಾಮಾನುಗಳ ಜೊತೆ ಆ ಅಡಾಪ್ಟರನ್ನೂ ಗುಜರಿಗೆ ಹಾಕಿದ್ದು ಆಮೇಲೆ ಗೊತ್ತಾಯಿತು.

ಕಾರ್ತಿಕದ ಮೊದಲ ವಾರ ಕಚೇರಿಯ ಧನಪಾಲಯ್ಯ ಬಂದರು. ಮೆಟ್ಟಿಲು ಹತ್ತಿ ಬಂದ ದಣಿವಿಗೆ ಕಂಬ ಹಿಡಿದು ನಿಂತರು. ನನ್ನ ಮನೆ ದಿಣ್ಣೆಯ ಮೇಲಿದೆ, ಬೀದಿಯಿಂದ ಏಳು ಕಡಿದಾದ ಮೆಟ್ಟಿಲು.

"ಹೆಸರು ಹೇಳಿ ಅನಸೂಯಮ್ಮ."

"ಇನ್ನೂ ನೋಡ್ಬೇಕು."

"ನೋಡೋದೇನಿದೆ ಇದರಲ್ಲಿ? ಊರಲ್ಲಿ ನೀವು ಹೋಗದ ಮನೆ ಇಲ್ಲ. ಅಷ್ಟು ಜನರಲ್ಲಿ ಒಬ್ಬರ ಹತ್ರಾನೂ ಇರಲ್ವಾ?"

"ಇರುತ್ತೆ. ಯಾರ ಹತ್ರ ಅಂತ ಕೇಳಿಲ್ಲ ಅಷ್ಟೆ."

ಅವರು ನನ್ನ ಮುಖ ನೋಡದೆ ಪುಸ್ತಕ ಮಡಚಿದರು. "ತಿಂಗಳ ಕೊನೇವರೆಗೂ ಟೈಮಿದೆ. ಹೇಳಿ ಕಳಿಸಿ."

ಕೇಳುವುದೇ ಕಷ್ಟವಾಗಿತ್ತು. ನಮ್ಮೂರಿನಲ್ಲಿ ಯಾರೂ ತಮ್ಮ ಮನೆಯ ಅಡಾಪ್ಟರನ್ನು ಇಟ್ಟುಕೊಳ್ಳಿ ಎಂದು ಇನ್ನೊಬ್ಬರನ್ನು ಕೇಳುವುದಿಲ್ಲ. ಬರಬೇಕೆನ್ನಿಸಿದವರು ತಾವಾಗಿ ವೀರಾಚಾರಿಯ ಕುಲುಮೆಗೆ ಹೋಗಿ ಮನೆಯ ಹೆಸರು ಹೇಳಿ ಮಾಡಿಸಿಕೊಳ್ಳುತ್ತಾರೆ. ಒಂದು ದಿನ ಹೇಳದೆ ಕೇಳದೆ ಅದನ್ನು ಹಿಡಿದುಕೊಂಡು ಬಂದಾಗ ಮನೆಯವರು ಬಾಯಿಗೆ ಬೆಲ್ಲ ಹಾಕುತ್ತಾರೆ. ತಾವಾಗಿ ಕೇಳುವುದೆಂದರೆ ನನ್ನನ್ನು ಪ್ರೀತಿಸಿ ಎಂದು ಬೀದಿಯಲ್ಲಿ ನಿಂತು ಕೂಗಿದ ಹಾಗೆ.

ಹಾಗಾಗಿ ನಾನು ಸುತ್ತುಬಳಸಿ ಮಾತು ತೆಗೆಯುತ್ತಿದ್ದೆ. ದಮಯಂತಿಯೆಂಬ ಹುಡುಗಿಯ ಮನೆಯಲ್ಲಿ ರವಿಕೆಗೆ ಕಾಜಾ ಮಾಡುತ್ತಾ, "ನಮ್ಮನೆ ಬೆಳಕು ಬಹಳ ತಂಪು ಕಣಮ್ಮ, ಕಣ್ಣಿಗೆ ಹಿತವಾಗಿರುತ್ತೆ" ಎಂದೆ.

"ಹೌದಾ ಅನಸೂಯಮ್ಮ? ಹಾಗಾದ್ರೆ ಈ ಕಾಜಾ ಕೆಲಸ ಎಲ್ಲ ಮನೇಲೇ ಮಾಡ್ಕೊಂಡು ತಂದ್ಬಿಡಿ" ಎಂದಳು ಅವಳು.

ಡೈರಿಯವರ ಮನೆಯಲ್ಲಿ ಅಜ್ಜಿ ನನ್ನ ಪಕ್ಕದಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದರು. ದಿಣ್ಣೆಯ ಮೇಲೆ ಗಾಳಿ ಚೆನ್ನಾಗಿದೆ ಈಗ, ಸಂಜೆ ಹೊತ್ತು ಕೂರೋಕೆ ಸೊಗಸು ಎಂದೆ. ಅಜ್ಜಿ ತಲೆಯೆತ್ತಿ, "ದಿಣ್ಣೆ ಮೇಲಾ ನಿನ್ನ ಮನೆ? ನಾನು ಕೆರೆ ಹಿಂದೆ ಅಂದ್ಕೊಂಡಿದ್ದೆ" ಎಂದರು. ಇಪ್ಪತ್ತೆರಡು ವರ್ಷಗಳಿಂದ ಅವರ ಮನೆಯ ಬಟ್ಟೆ ಹೊಲಿಯುತ್ತಿದ್ದೇನೆ. ಅವರ ಮನೆಯ ಯಾವ ಬಾಗಿಲು ಕಿರುಗುಟ್ಟುತ್ತದೆ, ಯಾವ ಸೊಸೆಗೆ ಯಾವ ತಿಂಗಳು ಸೊಂಟ ದಪ್ಪವಾಗುತ್ತದೆ ಎಂಬುದೆಲ್ಲ ನನಗೆ ಗೊತ್ತು. ಅವರ ಮೇಲೆ ಸಿಟ್ಟು ಬರಲಿಲ್ಲ. ಆದರೆ ಆ ದಿನ ಹೊಲಿಗೆ ನೇರವಾಗಿ ಬರಲಿಲ್ಲ, ಒಂದು ಅಂಚನ್ನು ಮೂರು ಸಲ ಬಿಚ್ಚಿದೆ.

ಮನೆಗೆ ಬಂದು ದೀಪ ಹಾಕಿಕೊಂಡು ಕೂತೆ. ತೊಂಬತ್ತರ ಬೆಳಕು ಹಳದಿಯೂ ಅಲ್ಲ, ಕೆಂಪೂ ಅಲ್ಲ, ಹಣ್ಣಾಗುತ್ತಿರುವ ಅಡಿಕೆಯ ಬಣ್ಣ. ಫ್ಯಾನು ರೆಕ್ಕೆಗಳನ್ನು ಎಣಿಸುವಷ್ಟು ನಿಧಾನ ತಿರುಗುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ತವರಿನ ಕಡೆಯವರು ಒಂದು ಸಲ ಬಂದಿದ್ದರು. "ಇದೇನೇ, ನಿಮ್ಮನೇಲಿ ಕರೆಂಟಿಗೂ ಉಪವಾಸಾನಾ?" ಎಂದು ನಕ್ಕರು. ನಾನೂ ಅವರ ಜೊತೆ ನಕ್ಕೆ. ಆದರೆ ಅವತ್ತಿನಿಂದ ಯಾರಾದರೂ ಮೆಟ್ಟಿಲ ಕಡೆ ತಿರುಗಿದರೆ ನನಗೆ ದೀಪ ಆರಿಸಿಬಿಡೋಣ ಎನ್ನಿಸುತ್ತಿತ್ತು. ಗಂಡನಿಗೆ ಈ ಬೆಳಕೇ ಇಷ್ಟ. ಅವನು ಹೋದ ಮೇಲೆ ನನಗೂ ಬೇರೆ ಬೆಳಕಿನಲ್ಲಿ ನಿದ್ದೆ ಬರುವುದಿಲ್ಲ. ಛತ್ರದ ಸಾಕೆಟ್ಟು ಬಂದರೆ ಈ ಬಲ್ಬು ಒಂದು ಕ್ಷಣ ಉರಿದು ಹೋಗುತ್ತದೆ. ಫ್ಯಾನೂ ಸುಟ್ಟುಹೋಗುತ್ತದೆ. ಹೊಸದನ್ನು ಕೊಳ್ಳಬಹುದು. ಆದರೆ ಗಾರೆ ಮೆತ್ತಿದ ಆ ಮೂರು ಗುರುತುಗಳನ್ನು ದಿನವೂ ನೋಡಿಕೊಂಡು, ನನ್ನದೇ ಮನೆಯಲ್ಲಿ ದಾರಿಹೋಕಳಂತೆ ಹೇಗಿರುವುದು ಎಂದು ತಿಳಿಯದೆ ಕೂತಿದ್ದೆ.

ಗುರುವಾರಗಳಂದು ನಾನು ಚಂಪಾವತಿಯವರ ಮನೆಗೆ ಹೋಗುತ್ತೇನೆ. ಊರೆಲ್ಲ ಅವರನ್ನು ಚಂಪಕ್ಕ ಎನ್ನುತ್ತದೆ. ಅರವತ್ತು ದಾಟಿದವರು, ಮಂಡಿನೋವಿನವರು, ಇಬ್ಬರು ವಾರಗಿತ್ತಿಯರ ಜೊತೆ ಸಂಡಿಗೆ ಹಪ್ಪಳ ಮಾಡಿಕೊಂಡಿರುವವರು. ಅವರು ಹೋಗದ ಮನೆ ಅಪರೂಪ. ಅವರ ಅಡಿಗೆಮನೆಯ ಗೋಡೆಗೆ ಉದ್ದದ ಹಲಗೆ ಹೊಡೆದು, ಮೊಳೆಗಳಿಗೆ ಅಡಾಪ್ಟರುಗಳನ್ನು ತೂಗುಹಾಕಿದ್ದಾರೆ. ನೋಡಿದರೆ ಊರನ್ನೇ ತಂದು ಒಲೆಯ ಪಕ್ಕ ನೇತುಹಾಕಿದಂತಿರುತ್ತದೆ.

ಆ ಗುರುವಾರ ನೀರು ಕುಡಿಯಲು ಅಡಿಗೆಮನೆಗೆ ಹೋದವಳು ಹಲಗೆಯ ಕೊನೆಯಲ್ಲಿ, ಜಾಲರಿ ಸೌಟಿನ ಹಿಂದೆ, ಹೊಗೆ ಹಿಡಿದು ಕಪ್ಪಾದ ಒಂದು ಅಡಾಪ್ಟರನ್ನು ಕಂಡೆ. ಅದರ ಮುಖದಲ್ಲಿ ಬಿಲ್ವಪತ್ರೆ. ಒಂದೇ ಕಡೆಯಿಂದ ಕವಲೊಡೆದ ಮೂರು ಎಲೆ. ನಾನು ಹತ್ತಿರ ಹೋಗಲಿಲ್ಲ, ಮುಟ್ಟಲಿಲ್ಲ. ಒಬ್ಬರ ಹಲಗೆಯನ್ನು ಇನ್ನೊಬ್ಬರು ಮುಟ್ಟುವುದು ಸಭ್ಯತೆಯಲ್ಲ. ನೀರು ಕುಡಿದು ಲೋಟ ಬೋರಲು ಹಾಕಿ ಬಂದು ಮೆಷಿನ್ನಿನ ಮುಂದೆ ಕೂತೆ. "ಏನೇ, ನೀರಿಗೆ ಬೆಲ್ಲ ಬಿದ್ದಿತ್ತಾ, ಮುಖ ಹೀಗಾಗಿದೆ?" ಎಂದು ಚಂಪಕ್ಕ ಕೇಳಿದರು. ಇವರು ಯಾವಾಗಲೋ ಮಾಡಿಸಿಟ್ಟಿದ್ದಾರೆ, ಬರುವ ಗಳಿಗೆ ಕೂಡಿಬಂದಿಲ್ಲ ಎಂದುಕೊಂಡೆ.

ಮರುದಿನ ಸಂತೆಯಲ್ಲಿ ಧನಪಾಲಯ್ಯ ಸಿಕ್ಕರು. ನಾನೇ ಕರೆದು, "ಚಂಪಾವತಿಯವರ ಹೆಸರು ಬರ್ಕೊಳ್ಳಿ" ಎಂದೆ.

"ಚಂಪಕ್ಕನಾ? ಅವರು ನಿಮ್ಮನೆಗೆ ಬಂದಿದ್ದು ನಾನು ಕಂಡೇ ಇಲ್ಲವಲ್ಲ."

"ಅವರ ಹಲಗೆ ಮೇಲಿದೆ. ನಾನೇ ನೋಡಿದೆ."

ಅವರು ಬರೆದುಕೊಂಡರು. ಒಂದು ವಾರ ಬಿಟ್ಟು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎಂದು ಗೊತ್ತಾಯಿತು. ಕಚೇರಿಯವರು ಹೆಸರಿನವರಿಗೆ ತಾವಾಗಿ ತಿಳಿಸುವುದಿಲ್ಲ, ಅದು ಮನೆಯವರ ಕೆಲಸ.

ಆಮೇಲಿನ ಐದು ದಿನ ನಾನು ಬೇರೆಯೇ ಹೆಂಗಸಾಗಿದ್ದೆ. ಜೇಡರ ಬಲೆ ತೆಗೆದೆ, ಮೆತ್ತೆಗೆ ಹೊಸ ಗಲೀಫು ಹೊಲಿದೆ. ನನ್ನ ಅಡಿಗೆಮನೆಯಲ್ಲಿ ಬಳಕೆಗೆ ಇದ್ದದ್ದು ಒಂದೇ ಲೋಟ. ಅಟ್ಟ ಹತ್ತಿ ಇನ್ನೊಂದನ್ನು ಹುಡುಕಿ ಹುಣಸೆಹಣ್ಣಿನಲ್ಲಿ ಉಜ್ಜಿದೆ. ಚಂಪಕ್ಕನಿಗೆ ಸೋಮವಾರದ ವಿಷಯವನ್ನು ಹೇಗೆ ಹೇಳುವುದೆಂದು ಗೋಡೆಯೆದುರು ಮಾತಾಡಿ ನೋಡಿಕೊಂಡೆ. ಕೆಲವೊಮ್ಮೆ ಗೋಡೆ ಅವರ ದನಿಯಲ್ಲಿ ಉತ್ತರವನ್ನೂ ಕೊಡುತ್ತಿತ್ತು.

ಬುಧವಾರ ಒಂದು ಪಿನ್ನು ಸಡಿಲವಾಯಿತೆಂದು ವೀರಾಚಾರಿಯ ಕುಲುಮೆಗೆ ಹೋದೆ. ಯಾರ ಮನೆಗೆ ಯಾರು ಮಾಡಿಸಿದರು ಎಂದು ಅವರು ಹೇಳುವುದಿಲ್ಲ, ನಾವೂ ಕೇಳಬಾರದು. ಖುಷಿಯಲ್ಲಿ ನನ್ನ ನಾಲಿಗೆ ಸಡಿಲವಾಗಿತ್ತು. "ಚಂಪಕ್ಕನಿಗೆ ಯಾವಾಗ ಮಾಡಿಕೊಟ್ರಿ ಆಚಾರ್ರೇ, ನಮ್ಮನೇದು?" ಎಂದುಬಿಟ್ಟೆ.

ಅವರು ಪಿನ್ನು ಉಜ್ಜುತ್ತಿದ್ದ ಅರ ಕೆಳಗಿಟ್ಟರು. "ಬಿಲ್ವದ ಪಿನ್ನು ನಾನು ಎಳೆದು ಹತ್ತೊಂಬತ್ತು ವರ್ಷ ಆಯ್ತು ತಾಯಿ. ನಿಮ್ಮ ಯಜಮಾನರ ಅಕ್ಕನಿಗೆ ಮಾಡಿದ್ದೇ ಕೊನೆ."

"ಕಣ್ಣಾರೆ ನೋಡಿದೀನಿ. ಅವರ ಹಲಗೇಲಿ."

"ಪಿನ್ನು ನೋಡಿದ್ರಾ, ತೂತು ನೋಡಿದ್ರಾ?"

ಕುಲುಮೆಯ ತಿದಿ ಒಂದು ಸಲ ಉಸಿರೆಳೆದು ಬಿಟ್ಟಿತು. ನಾನು ನೋಡಿದ್ದು ಮುಖದ ಮೇಲಿನ ಮೂರು ಎಲೆಗಳನ್ನು. ಅವು ಹೊರಕ್ಕೆ ಚಾಚಿದ್ದವೋ ಒಳಕ್ಕೆ ಇಳಿದಿದ್ದವೋ ನೋಡಿರಲಿಲ್ಲ. ಎರಡು ವರ್ಷದ ಹಿಂದೆ ಚಂಪಕ್ಕನ ಮನೆಗೆ ಒಯ್ಯುವ ನನ್ನ ಅಡಾಪ್ಟರು ಕಳೆದುಹೋಗಿ, ಇದೇ ವೀರಾಚಾರಿಯ ಹತ್ತಿರ ಇನ್ನೊಂದು ಮಾಡಿಸಿಕೊಂಡಿದ್ದೆ. ಕಳೆದದ್ದು ಅಲ್ಲೇ ಉಳಿದಿತ್ತು. ಯಾರೋ ಎತ್ತಿ ಮೊಳೆಗೆ ಹಾಕಿದ್ದರು. ಅದು ನನ್ನ ಮನೆಗೆ ಬರುವ ದಾರಿಯಲ್ಲ, ನಾನು ಅವರ ಮನೆಗೆ ಹೋಗುವ ದಾರಿ. ಕತ್ತಲೆಯಲ್ಲಿ ಮುಟ್ಟಿ ಹೇಳಬಲ್ಲೆ ಎನ್ನುತ್ತಿದ್ದವಳು ಹಗಲು ಹೊತ್ತಿನಲ್ಲಿ ಕಣ್ಣು ಬಿಟ್ಟುಕೊಂಡು ಮೋಸಹೋಗಿದ್ದೆ.

ಆಚಾರ್ರು ಮತ್ತೆ ಅರ ಹಿಡಿದರು. ನಾನು ಹೊರಡಲಿಲ್ಲ.

"ಒಂದು ಮಾಡಿಕೊಡಿ. ಚಂಪಕ್ಕನ ಪ್ಲಗ್ಗಿಗೆ ತೂತು, ನಮ್ಮನೆ ಗೋಡೆಗೆ ಪಿನ್ನು."

"ಮನೆಯವರೇ ಬಂದು ಮಾಡಿಸೋದು..." ಎಂದು ಅವರು ತಲೆ ಕೆರೆದುಕೊಂಡರು. "ನಮ್ಮಪ್ಪನ ಕಾಲದಿಂದ ನಾನು ಕಂಡಿಲ್ಲ. ಊರು ಆಡ್ಕೊಳ್ಳುತ್ತೆ ತಾಯಿ."

"ಆಡ್ಕೊಳ್ಳೋಕಾದ್ರೂ ಮನೆ ತನಕ ಬರ್ತಾರಾ ನೋಡೋಣ."

ಅವರು ನಗಲಿಲ್ಲ. ಶನಿವಾರ ಬನ್ನಿ ಎಂದರು. ಗುರುವಾರ ನಾನು ಮೈ ಸರಿಯಿಲ್ಲವೆಂದು ಹೇಳಿ ಕಳಿಸಿ ಹೊಲಿಗೆಗೆ ಹೋಗಲಿಲ್ಲ.

ಶನಿವಾರ ಮಧ್ಯಾಹ್ನ ಚಂಪಕ್ಕ ಮಾಳಿಗೆಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು. ಪೊಟ್ಟಣ ಅವರ ಮುಂದಿಟ್ಟೆ. ಕೈ ಒರೆಸಿಕೊಂಡು ಬಿಚ್ಚಿದರು. ತೂತಿನ ಮುಖ ನೋಡಿದರು, ತಿರುಗಿಸಿ ಪಿನ್ನಿನ ಮುಖ ನೋಡಿದರು. ಹೊಸ ಹಿತ್ತಾಳೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ಯಾರು ಮಾಡಿಸಿದ್ದು ಇದನ್ನ?"

"ನಾನು."

"ನೀನೇ?"

"ನಾನೇ ಚಂಪಕ್ಕ." ಆಮೇಲೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಹಲಗೆಯ ಮೇಲೆ ಕಂಡದ್ದು, ಮುಖ ಗುರುತಿಸದೆ ಮೋಸಹೋದದ್ದು, ಅವರನ್ನು ಕೇಳದೆ ಹೆಸರು ಬರೆಸಿದ್ದು. "ಸೋಮವಾರ ಹತ್ತಕ್ಕೆ ಬರ್ಬೇಕು. ಬಂದು ಏನಾದ್ರೂ ಸಿಕ್ಕಿಸಬೇಕು. ಇಲ್ಲಾಂದ್ರೆ ಮುಚ್ಚಿಬಿಡ್ತಾರೆ."

ಚಂಪಕ್ಕ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿ ಮತ್ತೆ ಸಂಡಿಗೆಯ ಹಿಟ್ಟಿಗೆ ಕೈಹಾಕಿದರು.

"ಇಷ್ಟು ವರ್ಷದಲ್ಲಿ ಒಂದು ದಿನ ಬಾ ಅಂದಿದ್ದೀಯೇನೇ ನನ್ನ?"

"ನಮ್ಮಲ್ಲಿ ಕರೆಯೋ ಪದ್ಧತಿ ಇಲ್ಲವಲ್ಲ."

"ಪದ್ಧತಿ. ನಿನ್ನ ಗಂಡ ಹೋದಾಗ ಅನ್ನ ಸಾರು ಕ್ಯಾರಿಯರ್‌ಗೆ ಹಾಕ್ಕೊಂಡು ಈ ಮಂಡಿ ಎಳ್ಕೊಂಡು ಬಂದಿದ್ದೆ. ಜ್ಞಾಪಕ ಇದೆಯಾ?"

ಇತ್ತು.

"ನೀನು ಬಾಗಿಲಿಗೆ ಅಡ್ಡ ನಿಂತು ಇಸ್ಕೊಂಡೆ. ಒಳಗೆ ಬನ್ನಿ ಅನ್ನಲಿಲ್ಲ. ಪಾತ್ರೆ ನಾನೇ ತಂದುಕೊಡ್ತೀನಿ, ನೀವು ತೊಂದರೆ ತಗೋಬೇಡಿ ಅಂದೆ. ಮಾರನೇ ದಿನ ಬೆಳಿಗ್ಗೆ ತೊಳೆದು ಒರೆಸಿ ತಂದೂ ಕೊಟ್ಟೆ. ಬರೀ ಪಾತ್ರೆ ಕೊಡಬಾರದು ಅಂತ ಒಳಗೆ ಸಕ್ಕರೆ ಬೇರೆ." ಅವರು ಒಂದು ಸಂಡಿಗೆ ಇಟ್ಟರು, ಅದು ಸೊಟ್ಟಗಾಯಿತು. "ಅವತ್ತು ನಾನು ವೀರಾಚಾರಿ ಹತ್ರ ಹೊರಟಿದ್ದೆ ಕಣೇ, ನಿನ್ನ ಮನೇದು ಮಾಡಿಸೋಣ ಅಂತ. ನೀನು ಪಾತ್ರೆ ತಂದಿಟ್ಟು ಹೋದ ಮೇಲೆ ಚಪ್ಪಲಿ ಬಿಚ್ಚಿಟ್ಟೆ."

ಯಾರಿಗೂ ಹೊರೆಯಾಗದೆ ಬದುಕುವುದು ದೊಡ್ಡ ಗುಣವೆಂದು ನಾನು ತಿಳಿದಿದ್ದೆ. ಯಾರು ಏನು ಮರೆತರೂ ನಾನೇ ತಲುಪಿಸುತ್ತಿದ್ದೆ, ಯಾರಿಗೆ ಏನು ಬೇಕಿದ್ದರೂ ನಾನೇ ಒಯ್ಯುತ್ತಿದ್ದೆ. ಆ ಮಂದ ಬೆಳಕನ್ನು ಯಾರೂ ನೋಡದಿರಲೆಂದು ಎಷ್ಟು ಸಲ ಬಾಗಿಲಿಗೆ ಅಡ್ಡ ನಿಂತಿದ್ದೆನೋ. ನನ್ನ ಬೆನ್ನಿಗೇ ಬಾಗಿಲಿನ ಕೆಲಸ ಒಪ್ಪಿಸಿದ್ದೆ.

"ಬರ್ತೀರಾ ಚಂಪಕ್ಕ?"

"ಇಟ್ಟು ಹೋಗು. ಬಿಸಿಲಿಗೆ ಅಡ್ಡ ನಿಂತಿದ್ದೀಯ, ಸಂಡಿಗೆ ಒಣಗಬೇಕು."

ಸೋಮವಾರ ಹತ್ತಕ್ಕೆ ಐದು ನಿಮಿಷವಿರುವಾಗಲೇ ಧನಪಾಲಯ್ಯ ಬಂದರು. ಜೊತೆಗೆ ಕಚೇರಿಯ ಗಾರೆಯವನು. ಅವನು ಕೊನೆಯ ಮೆಟ್ಟಿಲ ಮೇಲೆ ಕೂತು ಬಾಣಲಿಯಲ್ಲಿ ಸಿಮೆಂಟು ಕಲಸತೊಡಗಿದ. ಕರಣೆ ಕಬ್ಬಿಣಕ್ಕೆ ಉಜ್ಜುವ ಆ ಸದ್ದು ಮನೆಯೊಳಗೆಲ್ಲ ತುಂಬಿತು.

"ಈಗಲೇ ಯಾಕಪ್ಪ ಕಲಸ್ತೀಯ?" ಎಂದೆ.

"ಇನ್ನೂ ಎರಡು ಮನೆ ಇವೆ ಅಮ್ಮ. ಕಾಯ್ತಾ ಕೂತ್ರೆ ನಂಗೆ ಊಟ ತಪ್ಪುತ್ತೆ."

ಹತ್ತಾಯಿತು. ಹತ್ತೂಕಾಲಾಯಿತು. ಧನಪಾಲಯ್ಯ ಗಡಿಯಾರ ನೋಡದೆ ಕಿಟಕಿಯಾಚೆ ನೋಡುತ್ತಿದ್ದರು, ಅದು ಅವರ ದೊಡ್ಡ ಮನಸ್ಸು. ಗಾರೆಯವನು ಒಳಗೆ ಬಂದು ಸಾಕೆಟ್ಟಿನ ಸುತ್ತ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಅಷ್ಟರಲ್ಲಿ ಕೆಳಗಿನಿಂದ ಚಂಪಕ್ಕನ ದನಿ ಕೇಳಿಸಿತು. "ಯಾವ ಪುಣ್ಯಾತ್ಮ ಕಟ್ಟಿದ್ದು ಈ ಮೆಟ್ಟಿಲು? ಮನುಷ್ಯರಿಗೋ ಮೇಕೆಗೋ?"

ಅವರ ಕಂಕುಳಲ್ಲಿ ನೀರು ಕಾಯಿಸುವ ಕೆಟಲು, ಸೆರಗಿನ ಗಂಟಿನಲ್ಲಿ ಅಡಾಪ್ಟರು. ಒಳಗೆ ಬಂದವರು ಯಾರನ್ನೂ ಮಾತಾಡಿಸದೆ ನೀರು ಕೇಳಿ ಕೆಟಲಿಗೆ ತುಂಬಿಸಿ, ಅದರ ಪ್ಲಗ್ಗನ್ನು ಅಡಾಪ್ಟರಿಗೆ ಸಿಕ್ಕಿಸಿ, ಅಡಾಪ್ಟರನ್ನು ಗೋಡೆಗಿಟ್ಟು ಅಂಗೈಯಿಂದ ಒತ್ತಿದರು. ಮೂರು ಪಿನ್ನು ಮೂರು ತೂತಿನೊಳಕ್ಕೆ ಇಳಿದವು. ಕೆಟಲಿನ ಸಣ್ಣ ದೀಪ ಮಿಣುಕೆಂದಿತು.

"ಆಯ್ತಲ್ಲ, ಬರ್ಕೊಳ್ಳಿ ಧನಪಾಲಯ್ಯ."

"ಕುದೀಬೇಕು ಚಂಪಕ್ಕ. ಕೆಟಲಿನ ಕೆಲಸ ಕುದಿಸೋದು."

"ಕುದೀತದೆ. ನಮ್ಮನೇಲಿ ಐದು ನಿಮಿಷ."

ಐದು ನಿಮಿಷವಾಯಿತು. ನೀರಿನಲ್ಲಿ ಬೆರಳಿಟ್ಟರೆ ಮಗುವಿಗೆ ಸ್ನಾನ ಮಾಡಿಸುವಷ್ಟೂ ಬಿಸಿಯಿರಲಿಲ್ಲ. ಚಂಪಕ್ಕ ನನ್ನ ಕಡೆ ತಿರುಗಿದರು. "ಎಷ್ಟೇ ನಿನ್ನ ಮನೇದು?"

ಶನಿವಾರ ಅಷ್ಟೆಲ್ಲ ಹೇಳಿದವಳು ಇದನ್ನೇ ಹೇಳಿರಲಿಲ್ಲ. "ತೊಂಬತ್ತು" ಎಂದೆ.

"ತೊಂಬತ್ತಾ?" ಅವರು ಅಲ್ಲೇ ಇದ್ದ ಮೆತ್ತೆಯ ಮೇಲೆ ಕುಸಿದು ಕೂತರು. "ಇನ್ನೂರ ನಲವತ್ತರ ಕೆಟಲನ್ನ ತೊಂಬತ್ತಕ್ಕೆ ಕಟ್ಟಿಸಿದೆಯಲ್ಲೇ ನನ್ನ ಕೈಲಿ. ದೀಪಾವಳಿಗೆ ಕುದೀತದೆ ಇದು."

"ದೀಪಾವಳಿ ಆಗೋಯ್ತು" ಎಂದ ಗಾರೆಯವನು ಹೊರಗಿನಿಂದ.

"ಮುಂದಿನ ವರ್ಷದ್ದು ಹೇಳ್ದೆ ಕಣೋ."

ಧನಪಾಲಯ್ಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತರು. ಎಷ್ಟು ಹೊತ್ತಿನಲ್ಲಿ ಕುದಿಯಬೇಕೆಂದು ಕಟ್ಟಳೆಯಲ್ಲಿ ಬರೆದಿರಲಿಲ್ಲ, ಕುದಿಯಬೇಕೆಂದಷ್ಟೇ ಇತ್ತು. ಹ್ಯಾಗೂ ಕಾಯಬೇಕಾದ್ದರಿಂದ ಮಾತು ಬಂತು. ಚಂಪಕ್ಕ ಗಲೀಫಿನ ಅಂಚು ಹಿಡಿದು ನೋಡಿ, ಈ ಮಡಿಕೆ ನಮ್ಮನೆಯದಕ್ಕೆ ಯಾಕೆ ಹಾಕಲ್ಲ ನೀನು ಎಂದು ಜಗಳ ತೆಗೆದರು. ತಮ್ಮ ಕಿರಿಯ ವಾರಗಿತ್ತಿ ಉಪ್ಪು ಮರೆಯುವುದನ್ನು ಹೇಳಿದರು. ಗಂಡ ಹೋದ ಮೇಲೆ ಮೊದಲ ಸಲ ಮನೆಯೊಳಗೆ ಇಬ್ಬರ ಮಾತು ಒಂದರ ಮೇಲೊಂದು ಬೀಳುತ್ತಿತ್ತು. ನನಗೆ ನಡುವೆ ಎದ್ದುಹೋಗಿ ಅಡಿಗೆಮನೆಯ ಗೋಡೆಗೆ ಸ್ವಲ್ಪ ಹೊತ್ತು ಒರಗಿ ನಿಂತು ಬರಬೇಕಾಯಿತು.

"ಬೆಳಕು ಏನೂ ಅಷ್ಟು ಕಡಿಮೆ ಇಲ್ಲ" ಎಂದರು ಚಂಪಕ್ಕ, ನಾನು ಮರಳಿ ಬಂದಾಗ. "ಕಣ್ಣು ಒಗ್ಗೋಕೆ ಸ್ವಲ್ಪ ಹೊತ್ತು ಕೂರ್ಬೇಕು ಅಷ್ಟೆ."

ಮುಕ್ಕಾಲು ಗಂಟೆಗೆ ಕೆಟಲಿನ ತಳದಲ್ಲಿ ಸದ್ದು ಹುಟ್ಟಿತು. ಮುಚ್ಚಳ ಅಲುಗಿತು. ಧನಪಾಲಯ್ಯ ಎದ್ದು ಬಗ್ಗಿ ನೋಡಿ, ಗುಳ್ಳೆಗಳು ಏಳುವುದನ್ನು ಖಾತ್ರಿ ಮಾಡಿಕೊಂಡು ಬರೆದರು. ಹೊರಗೆ ಗಾರೆಯವನು ಬಾಣಲಿಗೆ ಕರಣೆ ಹಾಕಿದರೆ ಅದು ನಾಟಲಿಲ್ಲ. "ಬಿಗಿದೋಯ್ತು ಸ್ವಾಮಿ, ಇನ್ನು ಇದನ್ನ ಕೊಡಲಿ ತಗೊಂಡು ಒಡೀಬೇಕು" ಎಂದು ಬೈದುಕೊಂಡ. ಅವನಿಗೂ ಸೇರಿಸಿ ಆ ನೀರಿಗೇ ಪುಡಿ ಹಾಕಿ ಎಲ್ಲರಿಗೂ ಟೀ ಮಾಡಿದೆ. ಎರಡೇ ಲೋಟ ಸಾಲದೆ ಗಾರೆಯವನೂ ನಾನೂ ಬಟ್ಟಲಲ್ಲಿ ಕುಡಿದೆವು.

ಕಚೇರಿಯವರು ಹೋದ ಮೇಲೆ ಚಂಪಕ್ಕನೂ ಎದ್ದರು. ಕೆಟಲಿಗೆ ತಂತಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಬೀದಿಗೆ ಸೇರಿದರು. ನಾನು ಒಳಗೆ ತಿರುಗಿದಾಗ ಅಡಾಪ್ಟರು ಇನ್ನೂ ಗೋಡೆಯಲ್ಲೇ ಇತ್ತು. ಪುಸ್ತಕದಲ್ಲಿ ಏನು ಬರೆದಿದ್ದರೂ, ಅದು ಅವರ ಹಲಗೆಗೆ ಹೋಗದಿದ್ದರೆ ನನ್ನ ಮನೆಗೆ ದಾರಿಯಿಲ್ಲ.

"ಚಂಪಕ್ಕ, ಅಡಾಪ್ಟರು ಇಲ್ಲೇ ಉಳೀತು."

ಅವರು ಕೆಳಗಿನಿಂದ ತಲೆಯೆತ್ತಿದರು. "ಗುರುವಾರ ಹೊಲಿಯೋಕೆ ಬರ್ತೀಯಲ್ಲ, ಹಾಗೇ ತಂದ್ಬಿಡು."

ಆಗಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಾಗಿತ್ತು. ಕೈ ಗೋಡೆಯ ಕಡೆ ಹೋಗಿಯೂ ಆಗಿತ್ತು.

"ಇಲ್ಲ" ಎಂದೆ. "ನೀವೇ ಬಂದು ತಗೊಂಡು ಹೋಗಿ."

"ಏಳು ಮೆಟ್ಟಿಲು ಕಣೇ."

"ಹೌದು."

ಅವರು ಕೆಟಲನ್ನು ಬೀದಿಯ ಕಟ್ಟೆಯ ಮೇಲಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಒಂದು ಕೈಯಿಂದ ಮಂಡಿ ಒತ್ತಿಕೊಂಡು ಹತ್ತತೊಡಗಿದರು. ಪ್ರತಿ ಮೆಟ್ಟಿಲಿಗೂ ಒಂದು ಬೈಗುಳ. ನನ್ನ ಕಾಲು ಎರಡು ಸಲ ತಾನಾಗಿಯೇ ಮುಂದೆ ಹೋಯಿತು, ಎರಡು ಸಲವೂ ಹಿಂದಕ್ಕೆ ತೆಗೆದುಕೊಂಡೆ. ನಾಲ್ಕನೆಯ ಮೆಟ್ಟಿಲಲ್ಲಿ ಅವರು ಉಸಿರು ತೆಗೆದುಕೊಳ್ಳಲು ನಿಂತರು. ನಾನು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತೆ.